ಟೊಮ್ಯಾಟೊ ಹಾಕೋರು ಚೆಂಡು ಹೂವು ಮರೀಬೇಡಿ

ಶ್ರೀನಿವಾಸಪುರ, ಮುಳಬಾಗಿಲು ಕಡೆ ನಾಟಿಗೆ ತಯಾರಾಗ್ತಿರೋ ಅಣ್ಣಂದಿರಿಗೆ, ಅಕ್ಕಂದಿರಿಗೆ ಒಂದು ಮಾತು. ದಕ್ಷಿಣ ಅಮೆರಿಕದ ಕೆಲವು ಕಾಡು ಟೊಮ್ಯಾಟೊ ಗಿಡಗಳ ಎಲೆ ತುಂಬ ಅಂಟು ರೋಮ. ಬಿಳಿನೊಣ ಕೂತರೆ ಅಲ್ಲೇ ಸಿಕ್ಕಿಬೀಳುತ್ತೆ. ದಪ್ಪ ಹಣ್ಣು, ಜಾಸ್ತಿ ಇಳುವರಿ ಅಂತ ಮನುಷ್ಯರು ಆರಿಸ್ತಾ ಬಂದಂತೆ ಆ ಕಾವಲು ಸಡಿಲವಾಯ್ತು. (ನಮ್ಮ ಗಿಡ ಸವರಿದ್ರೆ ಕೈ ಹಸಿರಾಗಿ ಘಾಟು ಹೊಡೆಯುತ್ತಲ್ಲ, ಅದು ಉಳಿದಿರೋ ಚೂರು.)

ಹಾಗಾಗಿ ಸಸಿಮಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ನಾಟಿ ಮಾಡುವಾಗ 25 ದಿನದ ಟೊಮ್ಯಾಟೊ ಸಸಿ 16 ಸಾಲಿಗೆ, 40 ದಿನದ ಚೆಂಡು ಹೂವಿನ ಸಸಿ ಒಂದು ಸಾಲು. ಎರಡೂ ಒಂದೇ ಹೊತ್ತಿಗೆ ಹೂ ಬಿಡಲಿ ಅಂತ ಈ ಲೆಕ್ಕ. ಕಾಯಿಕೊರಕದ ಪತಂಗ ಹೆಚ್ಚಾಗಿ ಚೆಂಡು ಹೂವಿಗೇ ಮೊಟ್ಟೆ ಇಡುತ್ತೆ. ಹುಳ ಕಂಡ ಮೊಗ್ಗು ಕಿತ್ತು ಬದುವಿನ ಮೇಲೆ ಎಸೀಬೇಡಿ, ಹೂತುಬಿಡಿ.