ಮಕ್ಕಳ ತಲೆಯಿಂದಾನೇ ಬಿಸಿನೆಸ್ ಐಡಿಯಾ ಬರಬೇಕು ಅಂದ್ರೆ ನಾವೇನು ಮಾಡಬೇಕು

ನಮ್ಮ ಉತ್ತರ ಕನ್ನಡದ ಕಡೆ ಎಷ್ಟೋ ಶಾಲೆಗಳಲ್ಲಿ ಈಗ ಮಕ್ಕಳೇ ಅಂಗಡಿ ಹಾಕಿ ಮಾರೋ ಮಕ್ಕಳ ಸಂತೆ ಮಾಡ್ತಾರೆ, ಬಹಳ ಒಳ್ಳೇದು, ಆದ್ರೆ ಹೆಚ್ಚಿನ ಕಡೆ ಆಗೋದು ಏನು ಅಂದ್ರೆ ಆಯಿ (ಅಮ್ಮ) ಹಿತ್ತಲಲ್ಲಿ ಬಸಳೆ ಕೊಯ್ದು ಕಟ್ಟು ಕಟ್ಟಿ ಕೊಡ್ತಾರೆ, ಅಪ್ಪ ಸ್ಕೂಟಿ ಮೇಲೆ ತಂದು ಇಳಿಸ್ತಾರೆ, ಅಕ್ಕೋರು (ಟೀಚರಮ್ಮ) ಮಾಸ್ತರು ಪಾಲಕರು ಸೇರಿ ಹನ್ನೊಂದು ಗಂಟೆಯೊಳಗೆ ಎಲ್ಲ ಖಾಲಿ ಮಾಡ್ತಾರೆ. ಮಗು ದುಡ್ಡು ಎಣಿಸೋದು ಕಲೀತದೆ, ಚಿಲ್ಲರೆ ಕೊಡೋದು ಕಲೀತದೆ. ಆದ್ರೆ ಏನು ಮಾರಬೇಕು, ಯಾರಿಗೆ, ಯಾಕೆ ಅನ್ನೋದನ್ನ ಅದು ಯೋಚನೆ ಮಾಡ್ಲೇ ಇಲ್ಲ, ಅದನ್ನೆಲ್ಲ ದೊಡ್ಡವರೇ ಮಾಡಿ ಮುಗಿಸಿದ್ರು. ಆ ಯೋಚನೆ ಮಾಡೋ ಭಾಗ ಮಕ್ಕಳಿಗೆ ಬಿಟ್ಟುಕೊಡೋದು ಹೆಂಗೆ ಅಂತ ಇಲ್ಲಿ ಬರೀತಿದ್ದೇನೆ, ಐದನೇ ಕ್ಲಾಸಿಂದ ಒಂಬತ್ತನೇ ಕ್ಲಾಸಿನವರೆಗಿನ ಮಕ್ಕಳಿಗೆ ಇದು ಸರಿಹೊಂದ್ತದೆ.

ಮೊದಲನೇದು, "ನೀನು ಏನು ಮಾರ್ತೀಯಾ?" ಅಂತ ಕೇಳಲೇಬೇಡಿ. ಹಂಗೆ ಕೇಳಿದ್ರೆ ನಲವತ್ತು ಮಕ್ಕಳಲ್ಲಿ ಮೂವತ್ತು ಮಂದಿ ಪಾನಿಪುರಿ ಅಂತಾರೆ. ಅದರ ಬದಲು ಒಂದು ಸಣ್ಣ ನೋಟ್‌ಬುಕ್ ಕೊಟ್ಟು ಒಂದು ವಾರ ಯಾರು ಯಾವುದಕ್ಕೆ ಗೊಣಗ್ತಾರೆ ಅಂತ ಬರೀರಿ ಅನ್ನಿ. ಮನೇಲಿ, ಬಸ್ಸಲ್ಲಿ, ಅಂಗಡಿ ಕಟ್ಟೆ ಮೇಲೆ, ಎಲ್ಲಿ ಕಿವಿಗೆ ಬಿದ್ರೂ ಸರಿ. ಶಿರಸಿ ಸಿದ್ದಾಪುರ ಕಡೆ ಮಕ್ಕಳಾದ್ರೆ ಮಳೆಗಾಲದಲ್ಲಿ ಬಟ್ಟೆ ಒಣಗೋದಿಲ್ಲ, ಕರೆಂಟು ಹೋಗ್ತದೆ, ಅಡಿಕೆ ಕೊನೆ ಕೊಯ್ಯೋಕೆ ಜನ ಸಿಗಲ್ಲ ಅಂತ ಬರ್ಕೊಂಡು ಬರ್ತಾರೆ. ಕಾರವಾರದ ಮಕ್ಕಳನ್ನ ಭಾನುವಾರದ ಸಂತೆಗೆ ಕರ್ಕೊಂಡು ಹೋಗಿ ಒಂದು ಗಂಟೆ ಸುಮ್ನೆ ನಿಲ್ಲಿಸಿ, ಮೀನು ಮಾರೋ ಅಮ್ಮಂದಿರಿಗೆ ನೆರಳಿಲ್ಲ, ಗಿರಾಕಿಗಳು ಚೀಲ ತರದೇ ಬಂದಿರ್ತಾರೆ, ಇದೆಲ್ಲ ಮಕ್ಕಳ ಕಣ್ಣಿಗೆ ನಮಗಿಂತ ಬೇಗ ಬೀಳ್ತದೆ. ಗೋಕರ್ಣದ ಮಕ್ಕಳಿಗಂತೂ ಹೊರಗಿನಿಂದ ಬರೋ ಜನರೇ ದಿನಾ ಪ್ರಶ್ನೆ ಕೇಳ್ತಾ ಇರ್ತಾರೆ, ಆ ಪ್ರಶ್ನೆಗಳನ್ನೇ ಬರ್ಕೊಂಡ್ರೆ ಸಾಕು.

ಗೊಣಗಾಟದಿಂದ ಎಂಥ ವಸ್ತು ಹುಟ್ಟಬಹುದು ಅನ್ನೋಕೆ ಮಕ್ಕಳಿಗೆ ನಾನು ಹೇಳೋ ಕಥೆ ಬಂಟ್ವಾಳದ ಕೃಷಿಕ ಗಣಪತಿ ಭಟ್ಟರದ್ದು. ಅಡಿಕೆ ಮರ ಹತ್ತೋಕೆ ಆಳು ಸಿಗಲ್ಲ ಅಂತ ಎಲ್ಲಾರೂ ಹೇಳೋರೇ, ಅವರು ಮರ ಹತ್ತೋ ಬೈಕನ್ನೇ ಮಾಡಿದ್ರು, 2019ರಲ್ಲಿ ಅದರ ವಿಡಿಯೋ ದೇಶ ತುಂಬಾ ಓಡಾಡ್ತು. ತೋಟ ಇರೋ ಮನೆ ಮಕ್ಕಳಿಗೆ ಈ ಕಥೆ ತಕ್ಷಣ ತಲೆಗೆ ಹೋಗ್ತದೆ, ಯಾಕಂದ್ರೆ ಅಪ್ಪ ಕೊನೆಗೌಡರಿಗೆ (ಮರ ಹತ್ತಿ ಅಡಿಕೆ ಕೊನೆ ಕೊಯ್ಯೋರಿಗೆ) ಹತ್ತು ಸಲ ಫೋನ್ ಮಾಡೋದನ್ನ ಅವರು ನೋಡಿರ್ತಾರೆ.

ಐಡಿಯಾ ಬಂದಾಗ ನಮ್ಮ ಬಾಯಲ್ಲಿ ಮೊದಲು ಬರೋ ಮಾತು "ಅದೆಲ್ಲ ಆಗೋ ಹೋಗೋ ಮಾತಲ್ಲ". ದಯವಿಟ್ಟು ಇದನ್ನ ಹೇಳಬೇಡಿ. "ಭಾರೀ ಚೊಲೋ ಇದೆ" ಅಂತ ಸುಮ್ನೆ ಹೊಗಳೋದೂ ಬೇಡ. ಒಂದೇ ಪ್ರಶ್ನೆ ಕೇಳಿ, ಯಾರು ದುಡ್ಡು ಕೊಡ್ತಾರೆ? ಏಳನೇ ಕ್ಲಾಸಿನ ಒಬ್ಬ ಹುಡುಗ "ಅಕ್ಕೋರೇ, ಉಂಬಳ (ಜಿಗಣೆ) ಹತ್ತದೇ ಇರೋ ಸಾಕ್ಸ್ ಮಾಡ್ತೆ" ಅಂದ. "ಯಾರು ತಗೋತಾರೆ ತಮ್ಮಾ?" ಅಂದ್ರೆ, "ತೋಟಕ್ಕೆ ಹೋಗೋರು" ಅಂದ. ಹಂಗಾದ್ರೆ ಹೋಗಿ ಕೇಳ್ಕೊಂಡು ಬಾ ಅಂತ ಕಳಿಸಿದ್ವಿ. ತೋಟದವರು ನಕ್ಕುಬಿಟ್ರು, ನಮಗೆ ಸುಣ್ಣ ಹೊಗೆಸೊಪ್ಪು ಸಾಕು ಮಾರಾಯ, ಅದಕ್ಕೆ ಯಾರು ದುಡ್ಡು ಕೊಡ್ತಾರೆ ಅಂದ್ರಂತೆ. ಹುಡುಗ ಎರಡು ದಿನ ಮುಖ ಸಣ್ಣ ಮಾಡ್ಕೊಂಡಿದ್ದ, ಆಮೇಲೆ ಅವನೇ ಬಂದು "ಯಾಣಕ್ಕೆ, ಉಂಚಳ್ಳಿ ಫಾಲ್ಸಿಗೆ ಬರ್ತಾರಲ್ಲ ಬೆಂಗಳೂರಿನವರು, ಅವರು ಉಂಬಳ ನೋಡಿದ್ರೆ ಕುಣೀತಾರೆ, ಅವರು ತಗೋತಾರೆ" ಅಂದ! ವಸ್ತು ಅದೇ, ಗಿರಾಕಿ ಬೇರೆ. ಇದನ್ನ ನಾವು ಮೊದಲೇ ಹೇಳಿಬಿಟ್ಟಿದ್ರೆ ಅವನಿಗೆ ಅದು ಅಕ್ಕೋರ ಐಡಿಯಾ ಆಗಿಬಿಡ್ತಿತ್ತು.

ಇನ್ನು ಲೆಕ್ಕ. ಇದಕ್ಕೆ ಜಾಸ್ತಿ ಟೈಮ್ ಕೊಡಿ, ಯಾಕಂದ್ರೆ ಮಕ್ಕಳ ಸಂತೆಯಲ್ಲಿ ಪೂರ್ತಿ ಬಿಟ್ಟುಹೋಗೋದೇ ಇದು. ಮೂರು ಮಕ್ಕಳು ಸೇರಿ ಮುರುಗಲ ಹಣ್ಣಿನ (ಕೋಕಂ) ಜ್ಯೂಸ್ ಮಾರ್ತಾರೆ ಅಂತ ಇಟ್ಕೊಳ್ಳಿ. ಸಿಪ್ಪೆಗೆ ಸಕ್ಕರೆ ಹಾಕಿ ಭರಣಿಯಲ್ಲಿ ಬಿಸಿಲಿಗೆ ಇಟ್ಟು ಸಿರಪ್ ಮಾಡಿದ್ದು ಆಯಿ, 40 ಗ್ಲಾಸ್, ಗ್ಲಾಸಿಗೆ 5 ರೂಪಾಯಿ, ಕೈಗೆ ಬಂದಿದ್ದು 200. ಮಗು ನೋಟ್‌ಬುಕ್‌ನಲ್ಲಿ ಲಾಭ 200 ಅಂತ ಬರೀತದೆ. ಈಗ ಪಕ್ಕದಲ್ಲಿ ಕೂತು ಕೇಳಿ, ಸಕ್ಕರೆ ಯಾರದ್ದು? ಮನೇದು. ಅಂಗಡೀಲಿ ತಂದ್ರೆ ಎಷ್ಟು? 50. ಪೇಪರ್ ಗ್ಲಾಸ್ 40. ಜೀರಿಗೆ ಐಸ್ ಎಲ್ಲ ಸೇರಿ 15. ಹಣ್ಣು ಹಿತ್ತಲಲ್ಲಿ ಬಿದ್ದಿದ್ದು, ಫುಕಟ್ ಅಂತಾರೆ, ಆದ್ರೆ ಅದನ್ನೇ ಒಣಗಿಸಿ ಮಾರಿದ್ರೆ 30 ಬರ್ತಿತ್ತು ಅಂದ್ರೆ ಅದೂ ಖರ್ಚೇ. ಒಟ್ಟು 135. ಉಳಿದಿದ್ದು 65, ಮೂವರಿಗೆ ಹಂಚಿದ್ರೆ ತಲಾ 21 ರೂಪಾಯಿ ಚಿಲ್ಲರೆ, ಆಯಿ ಕೆಲಸಕ್ಕೆ ಇನ್ನೂ ಒಂದು ಪೈಸೆ ಹಾಕಿಲ್ಲ. ಆಯಿ ಕೆಲಸಕ್ಕೂ ಬೆಲೆ ಇದೆ ಅಂತ ಎಷ್ಟೋ ಮಕ್ಕಳಿಗೆ ಹೊಳೆಯೋದು ಈ ಲೆಕ್ಕ ಹಾಕುವಾಗ್ಲೇ, ನನಗೆ ಇಡೀ ಚಟುವಟಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸೋ ಕ್ಷಣ ಅದು. ಆಮೇಲೆ ಅವರೇ ಶುರು ಮಾಡ್ತಾರೆ, ಸ್ಟೀಲ್ ಲೋಟ ತೊಳೆದು ಕೊಡೋಣ, 8 ರೂಪಾಯಿ ಮಾಡೋಣ, ಸಿರಪ್ಪನ್ನೇ ಬಾಟ್ಲಿ ಮಾಡಿ ಮಾರೋಣ ಅಂತ.

ಬಂಡವಾಳ ಬೇಕಂದ್ರೆ ಸುಮ್ನೆ ಕೊಡಬೇಡಿ, 50 ಅಥವಾ 100 ರೂಪಾಯಿ ಸಾಲ ಅಂತ ಬರೆಸಿ ಕೊಡಿ, ವಾಪಸ್ ಇಸ್ಕೊಳ್ಳಿ. ಲಾಸ್ ಆದ್ರೆ ಯಾಕಾಯ್ತು ಅಂತ ಬರೀಲಿ, ಬೈಬೇಡಿ, ಸಾಲ ಮುಂದಿನ ಸಲ ತೀರಿಸ್ಲಿ.

ಬಿಸಿನೆಸ್ ಅಂದ್ರೆ ಒಬ್ಬ ಸಾಹುಕಾರ, ಒಂದು ಗಲ್ಲಾಪೆಟ್ಟಿಗೆ ಅಷ್ಟೇ ಅಂತ ಮಕ್ಕಳ ತಲೇಲಿ ಇರ್ತದೆ. ಶಿರಸಿಯಲ್ಲೇ ಇರೋ ಟಿಎಸ್‌ಎಸ್ (ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ) ತೋರಿಸಿ, ಅಡಿಕೆ ಬೆಳೆಗಾರರು ಸೇರಿ ತಮ್ಮ ಅಡಿಕೆ ತಾವೇ ಮಾರ್ಕೊಳ್ಳೋಕೆ 1923ರಲ್ಲಿ ಕಟ್ಟಿದ ಸೊಸೈಟಿ ಅದು, ಮಾಲೀಕರು ಯಾರು ಅಂತ ಕೇಳಿದ್ರೆ ಎಷ್ಟೋ ಮಕ್ಕಳ ಅಜ್ಜನ ಹೆಸರೇ ಸದಸ್ಯರ ಪಟ್ಟಿಯಲ್ಲಿ ಇರ್ತದೆ. ಹಂಗೇ ನಮ್ಮಲ್ಲಿ ಮಾತ್ರ ಸಿಗೋದು ಏನು ಅಂತಾನೂ ಹುಡುಕಿಸಿ. ಅಂಕೋಲೆಯ ಕರಿ ಇಶಾಡ್ ಮಾವಿಗೆ 2023ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದ್ದೇ ವಿಶೇಷ ಅನ್ನೋ ಸರ್ಕಾರಿ ಗುರುತು) ಸಿಕ್ತು, ಶಿರಸಿ ಅಡಿಕೆಗೆ 2019ರಲ್ಲೇ ಸಿಕ್ಕಿತ್ತು. ಕರಿ ಇಶಾಡ್ ಸಿಪ್ಪೆ ತೆಳು, ಜಾಸ್ತಿ ದಿನ ಇಡೋಕೆ ಆಗಲ್ಲ, ಹಂಗಾದ್ರೆ ದೂರದ ಊರಿಗೆ ಹೆಂಗೆ ಕಳಿಸೋದು? ಈ ಒಂದು ಪ್ರಶ್ನೆ ಮೇಲೇ ಎಂಟನೇ ಕ್ಲಾಸಿನವರು ಒಂದು ಪೀರಿಯಡ್ ಪೂರ್ತಿ ಜಗಳ ಆಡಬಹುದು, ಆಡ್ಲಿ.

ಗುಂಪು ಮಾಡುವಾಗ ಮೂರು ನಾಲ್ಕು ಮಂದಿಗಿಂತ ಜಾಸ್ತಿ ಬೇಡ. ಮಾತಾಡೋ ಹುಡುಗ ಮಾರೋಕೆ, ಸುಮ್ನಿರೋ ಹುಡುಗಿ ಲೆಕ್ಕಕ್ಕೆ ಅಂತ ನೀವೇ ಹಂಚಬೇಡಿ, ಒಂದು ವಾರ ಆದ್ಮೇಲೆ ಕೆಲಸ ಅದಲು ಬದಲು ಮಾಡ್ಸಿ. ಫಸ್ಟ್ ಸೆಕೆಂಡ್ ಪ್ರೈಜ್ ಬೇಡವೇ ಬೇಡ, ಪ್ರೈಜ್ ಇಟ್ಟ ತಕ್ಷಣ ಪಾಲಕರು ಐಡಿಯಾ ಹೇಳಿಕೊಡೋಕೆ ಶುರು ಮಾಡ್ತಾರೆ. ತಿನ್ನೋ ವಸ್ತು ಆದ್ರೆ ಒಬ್ಬರು ದೊಡ್ಡವರು ಜೊತೆಗೆ ಇರ್ಲಿ, ಕುದಿಸಿದ ನೀರೇ ಇರ್ಲಿ, ಅದರ ಐಸೂ ಕುದಿಸಿ ಆರಿಸಿದ ನೀರಿಂದ ಮನೇಲೇ ಮಾಡಿದ್ದು ಇರ್ಲಿ. ಮತ್ತೆ ಯಾವ ಕಾರಣಕ್ಕೂ ಇದಕ್ಕೋಸ್ಕರ ಮಗು ಕ್ಲಾಸ್ ತಪ್ಪಿಸಬಾರದು.

ಟೈಮ್ ಬಗ್ಗೆ ಒಂದು ಮಾತು. ಮುರುಗಲು, ಹಲಸು, ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕೋ ಮಾವಿನ ಮಿಡಿ) ಎಲ್ಲ ನಮ್ಮಲ್ಲಿ ಬರೋದು ಬೇಸಿಗೆ ರಜೆ ಆಚೀಚೆಯೇ. ಹಂಗಾಗಿ ಗೊಣಗಾಟದ ನೋಟ್‌ಬುಕ್ ಡಿಸೆಂಬರ್‌ನಲ್ಲಿ ಶುರು ಮಾಡ್ಸಿ, ಜನವರಿ ಫೆಬ್ರವರಿ ಒಳಗೆ ಗಿರಾಕಿ ಕೇಳಿ ಲೆಕ್ಕ ಹಾಕಿ ಮುಗಿಸ್ಲಿ, ಪರೀಕ್ಷೆ ಮುಗಿದ ಮೇಲೆ ರಜೇಲಿ ಮಾಡಿ ನೋಡ್ಲಿ, ಜೂನ್‌ನಲ್ಲಿ ಶಾಲೆ ಶುರುವಾದಾಗ ಲೆಕ್ಕದ ಪುಸ್ತಕ ತಗೊಂಡು ಬರೋಕೆ ಹೇಳಿ.