ದಿನದ ಲೆಕ್ಕ ಬಿಟ್ಟು ಪಾಠದ ಪೀರಿಯಡ್ ಲೆಕ್ಕ ಹಿಡಿದೆವು: ವಿದ್ಯಾರ್ಥಿ ನಾಯಕಿಯಾಗಿ ನನ್ನ ಅನುಭವ

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಸರ್ಕಾರಿ ಹೈಸ್ಕೂಲಿನ ಹತ್ತನೇ ತರಗತಿಗೆ ವಿಶೇಷ ತರಗತಿಯ ವೇಳಾಪಟ್ಟಿ ಹಾಕಿದ್ದು, ಯಾವ ಪೀರಿಯಡ್‌ನಲ್ಲಿ ಪಾಠ ಆಯಿತು, ಯಾವುದರಲ್ಲಿ ಆಗಲಿಲ್ಲ ಎಂದು ನಾವು ಮಕ್ಕಳೇ ಬರೆದಿಟ್ಟ ಪುಸ್ತಕ ನೋಡಿ. ಅಕ್ಕಪಕ್ಕದ ಮೂರು ನಾಲ್ಕು ಶಾಲೆಗಳೂ ಆಮೇಲೆ ಅದನ್ನೇ ಹಿಡಿದವು. ಜೂನ್‌ನಲ್ಲಿ ಶುರು ಮಾಡಿದಾಗ ಮಾತ್ರ "ಎಂತ ಮಾರಾಯ್ತಿ, ನೀನು ಬರೆದಿಟ್ಟರೆ ಯಾರು ಓದ್ತಾರೆ?" ಎಂದವರೇ ಜಾಸ್ತಿ. ಓದಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉಡುಪಿ ಕಡೆಯ ಶಾಲಾ ಸಂಸತ್ತಿನ ನಾಯಕರಿಗೆ ಪ್ರಮಾಣವಚನ, ಬ್ಯಾಡ್ಜ್, ಅಸೆಂಬ್ಲಿ ಡ್ಯೂಟಿ ಎಲ್ಲ ಗೊತ್ತೇ ಇದೆ. ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ನಮ್ಮ ಬ್ಯಾಚ್ ಬೇರೆಯವರಿಗಿಂತ ಬೇಗ ಈ ನೀತಿ, ಆದೇಶಗಳ ಬಿಸಿ ಕಂಡಿತ್ತು. 2024ರ ಮಾರ್ಚ್‌ನಲ್ಲಿ ನಾವು ಎಂಟನೇ ತರಗತಿ. ಆ ವರ್ಷ 5, 8, 9 ಮತ್ತು 11ನೇ ತರಗತಿಗೆ ರಾಜ್ಯ ಮಟ್ಟದ ಮೌಲ್ಯಾಂಕನ ಪರೀಕ್ಷೆ ಇಟ್ಟಿದ್ದರು. ಮಾರ್ಚ್ 6ಕ್ಕೆ ಹೈಕೋರ್ಟ್ ರದ್ದು ಮಾಡಿತು. ಮರುದಿನ ಅದಕ್ಕೆ ತಡೆ ಬಂತು. 11ಕ್ಕೆ ಪರೀಕ್ಷೆ ಶುರುವಾಯಿತು, ನಡುವೆ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿತು, 25ರಿಂದ ಉಳಿದ ಪೇಪರ್ ಬರೆದೆವು. ಏಪ್ರಿಲ್ 8ಕ್ಕೆ ಫಲಿತಾಂಶಕ್ಕೂ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಸರ್ಕಾರ ವಾದ ಮಾಡಿತು, ಖಾಸಗಿ ಶಾಲೆಗಳ ಸಂಘಟನೆಗಳು ವಾದ ಮಾಡಿದವು. ಪರೀಕ್ಷೆ ಬರೆದ ನಮ್ಮನ್ನು ಯಾರೂ ಕೇಳಲಿಲ್ಲ. ಆ ಸಿಟ್ಟು ನನ್ನಲ್ಲಿ ಉಳಿಯಿತು. ಹತ್ತನೇ ತರಗತಿಯಲ್ಲಿ ನಾಯಕಿಯಾಗಿ ಗೆದ್ದಾಗ ಶಾಲೆಯ ಕೈತೋಟ, ಕ್ರೀಡೆ ನೋಡಿಕೊಳ್ಳುವುದಕ್ಕೆ ಬೇರೆಯವರಿದ್ದರು. ನಾನು ಪಾಠದ ವಿಷಯ ಹಿಡಿದೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಂದರೆ ಇದೆ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಉಡುಪಿ ಶೇ. 94 ಪಡೆದು ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಶೇ. 91 ಚಿಲ್ಲರೆ, ಉಡುಪಿ 90ರ ಹತ್ತಿರ. ಅದೇ ವರ್ಷ ಕಲಬುರಗಿ 42ರ ಆಸುಪಾಸಿನಲ್ಲಿತ್ತು. ಹಾಗಾಗಿ ನಾವು ಬಾಯಿ ತೆರೆದರೆ ಸಾಕು, "ನಿಮಗೇನು ಕಮ್ಮಿ, ಫಸ್ಟ್ ಬರ್ತೀರಲ್ಲ" ಎಂಬ ಉತ್ತರ ತಯಾರಿರುತ್ತದೆ. ಆದರೆ ನೂರರಲ್ಲಿ ಫೇಲ್ ಆಗುವ ಆ ಹತ್ತು ಮಕ್ಕಳು ಎಲ್ಲಿಯವರು? ನಮ್ಮಂಥ ಶಾಲೆಯವರೇ ಜಾಸ್ತಿ. ಟ್ಯೂಷನ್ ಇಲ್ಲದವರು, ಮಲ್ಪೆ ಬಂದರಿನಲ್ಲಿ ಬೆಳಿಗ್ಗೆ ಕೆಲಸ ಮುಗಿಸಿ ಬರುವವರ ಮಕ್ಕಳು, ಹೊರ ಜಿಲ್ಲೆಯಿಂದ ಕೂಲಿಗೆ ಬಂದ ಮನೆಯವರು. ಜಿಲ್ಲೆಯ ಸರಾಸರಿಯಲ್ಲಿ ಅವರು ಕಾಣುವುದಿಲ್ಲ.

ಈಗ ಕೆಲಸ ಮಾಡದ ದಾರಿಗಳನ್ನು ಹೇಳುತ್ತೇನೆ. ನೀವೂ ಅದೇ ಮಾಡಲು ಹೊರಟಿರುತ್ತೀರಿ, ಗೊತ್ತು.

ಮೊದಲನೆಯದು ಸಹಿ ಸಂಗ್ರಹ. ಒಂಬತ್ತನೇ ತರಗತಿಯಲ್ಲಿದ್ದಾಗ ಅಂದಿನ ನಾಯಕನ ಜೊತೆ ಸೇರಿ ಮುನ್ನೂರರಷ್ಟು ಸಹಿ ಹಾಕಿಸಿದ್ದೆವು. ಬೇಡಿಕೆ ಏಳೋ ಎಂಟೋ. ಡಿಟಿಪಿ, ಜೆರಾಕ್ಸ್, ಬಸ್ ಎಲ್ಲ ಸೇರಿ ನಾನೂರು ರೂಪಾಯಿ ಹೋಯಿತು. ಒಂದು ಕಚೇರಿಯಲ್ಲಿ ಸೀಲ್ ಹಾಕಿ ತೆಗೆದುಕೊಂಡರು. ಆಮೇಲೆ ಸುದ್ದಿಯೇ ಇಲ್ಲ. ಎಂಟು ಬೇಡಿಕೆ ಇದ್ದರೆ ಎಂಟು ಜನ ಅಧಿಕಾರಿಗಳಿಗೆ ಸಂಬಂಧಪಟ್ಟದ್ದು ಎಂದಾಗುತ್ತದೆ, ಯಾರೂ ಮುಟ್ಟುವುದಿಲ್ಲ.

ಎರಡನೆಯದು ಗೂಗಲ್ ಫಾರ್ಮ್. ಮನೆಯಲ್ಲಿ ಫೋನ್ ಇದ್ದವರು ಮಾತ್ರ ತುಂಬಿದರು. ಯಾರಿಗೆ ತೊಂದರೆಯೋ ಅವರ ಉತ್ತರವೇ ಬರಲಿಲ್ಲ. ಒಬ್ಬನೇ ಮೂರು ಸಲ ತುಂಬಿದ್ದೂ ಉಂಟು.

ಮೂರನೆಯದು ಮಕ್ಕಳ ಗ್ರಾಮಸಭೆ. ಇದರ ಬಗ್ಗೆ ನನಗೆ ಗೌರವ ಇದೆ. ಕುಂದಾಪುರದ ಕಡೆ 90ರ ದಶಕದಲ್ಲೇ ಮಕ್ಕಳ ಪಂಚಾಯತ್ ನಡೆದಿತ್ತು, ಇಡೀ ರಾಜ್ಯಕ್ಕಿಂತ ಮೊದಲು. ಒಂಬತ್ತನೇ ತರಗತಿಯಲ್ಲಿದ್ದಾಗ ನವೆಂಬರ್‌ನ ಸಭೆಯಲ್ಲಿ ನಾನು ಮೈಕ್ ಹಿಡಿದು ಮಾತಾಡಿದೆ, ಚಪ್ಪಾಳೆಯೂ ಬಂತು. ದಾರಿದೀಪ ಕೇಳಿದವರಿಗೆ ದಾರಿದೀಪ ಸಿಕ್ಕಿತು. ನನ್ನ ಪ್ರಶ್ನೆಗೆ "ಇಲಾಖೆಗೆ ಕಳುಹಿಸುತ್ತೇವೆ" ಎಂದರು. ಪಂಚಾಯತಿಯಿಂದ ಶಾಲೆಯ ಗೋಡೆ, ನೀರು, ಶೌಚಾಲಯ ಸಿಗುತ್ತದೆ. ಪಾಠ ಅವರ ಕೈಯಲ್ಲಿಲ್ಲ.

ಹೀಗೆ ಮೂರೂ ಆದ ಮೇಲೆ ಪುಸ್ತಕ.

ವಿಷಯ ಬಹಳ ಸರಳ. ಇಲಾಖೆ ಲೆಕ್ಕ ಹಾಕುವುದು ದಿನಗಳನ್ನು. 2025-26ರ ಶೈಕ್ಷಣಿಕ ಮಾರ್ಗಸೂಚಿಯಲ್ಲಿ 242 ಕರ್ತವ್ಯದ ದಿನ ಇತ್ತು. ಮಳೆಗೆ ಡಿಸಿ ರಜೆ ಕೊಟ್ಟರೆ ಶನಿವಾರ ಮಧ್ಯಾಹ್ನ ಶಾಲೆ ನಡೆಸಿ ಆ ದಿನ ತುಂಬಿಸುತ್ತಾರೆ. ಕಾಗದದಲ್ಲಿ ದಿನ ಸರಿಹೋಗುತ್ತದೆ. ಆದರೆ ನಾವು ಕಳೆದುಕೊಳ್ಳುವುದು ಪೀರಿಯಡ್. ಸೋಮವಾರದ ಎರಡು ಗಣಿತ ಪೀರಿಯಡ್ ಮಳೆಗೆ ಹೋದರೆ ಶನಿವಾರ ಮಧ್ಯಾಹ್ನ ಸಿಗುವುದು ಏನು? ಆ ಹೊತ್ತಿಗೆ ವೇಳಾಪಟ್ಟಿಯೇ ಇಲ್ಲ. ಯಾವ ಟೀಚರ್ ಇದ್ದಾರೋ ಅವರ ಪಾಠ. ಇಲ್ಲವಾದರೆ ಪ್ರತಿಭಾ ಕಾರಂಜಿ ಪ್ರಾಕ್ಟೀಸ್, ಅಂಗಳ ಸ್ವಚ್ಛತೆ.

ಅರವತ್ತು ರೂಪಾಯಿಯ ಉದ್ದ ರಿಜಿಸ್ಟರ್ ತಂದೆವು, ಸೆಕ್ಷನ್‌ಗೆ ಒಂದು. ಪ್ರತಿ ಪೀರಿಯಡ್‌ಗೆ ಒಂದು ಮನೆ. ಪಾಠ ಆದರೆ ಟಿಕ್. ಆಗದಿದ್ದರೆ ಕಾರಣಕ್ಕೆ ಒಂದು ಅಕ್ಷರ: ಮಳೆಗೆ ಮ, ತರಬೇತಿಗೆ ತ, ಬೇರೆ ಕರ್ತವ್ಯಕ್ಕೆ ಕ, ಕಾರ್ಯಕ್ರಮಕ್ಕೆ ಪ. ಟೀಚರ್ ಹೆಸರು ಎಲ್ಲಿಯೂ ಬರೆಯಬಾರದು. ಇದು ಬಹಳ ಮುಖ್ಯ. ಹೆಸರು ಬಂದ ಕೂಡಲೇ ಅದು ಚಾಡಿ ಪುಸ್ತಕ ಆಗುತ್ತದೆ. ಬರೆಯುವವರು ಇಬ್ಬರು, ಒಬ್ಬ ಹುಡುಗ, ಒಬ್ಬ ಹುಡುಗಿ, ಬೇರೆ ಬೇರೆ ಬೆಂಚಿನವರು. ಇಬ್ಬರದೂ ಸಂಜೆ ತಾಳೆ ನೋಡಬೇಕು. ವಾರಕ್ಕೊಮ್ಮೆ ಕ್ಲಾಸ್ ಟೀಚರ್ ಸಹಿ.

ಸಹಿ ಹಾಕಿಸುವುದೇ ಕಷ್ಟದ ಕೆಲಸ. ಮೊದಲ ಎರಡು ವಾರ ಯಾರೂ ಮುಟ್ಟಲಿಲ್ಲ. ಮೂರನೇ ವಾರದಿಂದ ಎಲ್ಲ ಸೆಕ್ಷನ್‌ನಲ್ಲೂ ಸಹಿ ಬಿತ್ತು. ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ. ಅದನ್ನು ನಮ್ಮ ಶಾಲೆಯ ಮುಂದಿನ ನಾಯಕನಿಗೆ ಮಾತ್ರ ಹೇಳಿಕೊಟ್ಟಿದ್ದೇನೆ. ಒಂದು ಸುಳಿವು ಕೊಡಬಹುದು: ಶನಿವಾರ ಕೇಳಬೇಡಿ.

ಅಕ್ಟೋಬರ್‌ನಲ್ಲಿ ದೊಡ್ಡ ಹೊಡೆತ ಬಂತು. ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರನ್ನು ಕಳುಹಿಸಿದ್ದರು. ದಸರಾ ರಜೆ ಮುಗಿದರೂ 8ರಿಂದ 18ರವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಜೆ ಮುಂದುವರಿಯಿತು. ಎಂಟು ಕರ್ತವ್ಯದ ದಿನ ಹೋಯಿತು. ಪಕ್ಕದ ಖಾಸಗಿ ಶಾಲೆಯ ಬಸ್ ದಿನಾ ನಮ್ಮ ಮನೆ ಎದುರು ಹೋಗುತ್ತಿತ್ತು. ಸಮೀಕ್ಷೆ ಬೇಕೋ ಬೇಡವೋ ಎಂಬುದು ನನ್ನ ವಿಷಯವಲ್ಲ. ಆದರೆ ಅವರಿಗೂ ನಮಗೂ ಪರೀಕ್ಷೆ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಸರ್ಕಾರಿ ಶಾಲೆಯ ಮಕ್ಕಳ ಪೀರಿಯಡ್ ಮಾತ್ರ ಹೋಗುವುದು ಸರಿಯಾ? ಹೆಚ್ಚುವರಿ ತರಗತಿ ಮಾಡುತ್ತೇವೆ ಎಂದರು. ಯಾವ ವಿಷಯಕ್ಕೆ ಎಷ್ಟು ಎಂದು ಯಾರ ಹತ್ತಿರವೂ ಲೆಕ್ಕ ಇರಲಿಲ್ಲ. ನಮ್ಮ ಹತ್ತಿರ ಇತ್ತು.

ಪುಸ್ತಕ ಕೂಡಿಸಿದಾಗ ಸಿಕ್ಕಿದ್ದು ನಮಗೇ ಆಶ್ಚರ್ಯ. ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ನಮ್ಮ ಸೆಕ್ಷನ್‌ಗೆ ಗಣಿತ 85ರ ಹತ್ತಿರ ಪೀರಿಯಡ್ ಆಗಬೇಕಿತ್ತು. ಆದದ್ದು 60ರ ಆಸುಪಾಸು. ಹೋದ ಇಪ್ಪತ್ತೈದರಲ್ಲಿ ಮಳೆಗೆ ಹೋದದ್ದು ಒಂಬತ್ತೋ ಹತ್ತೋ ಮಾತ್ರ. ಉಳಿದದ್ದು ತರಬೇತಿ, ಬೇರೆ ಕರ್ತವ್ಯ, ಕಾರ್ಯಕ್ರಮ. ಶನಿವಾರಗಳಲ್ಲಿ ಗಣಿತಕ್ಕೆ ವಾಪಸ್ ಬಂದದ್ದು ಮೂರು. ಊರಿನವರೆಲ್ಲ "ಮಳೆ ರಜೆಯಿಂದ ಮಕ್ಕಳು ಹಾಳಾದರು" ಎನ್ನುತ್ತಿದ್ದರು. ನಮ್ಮ ಮಟ್ಟಿಗೆ ಮಳೆ ಅರ್ಧವೂ ಇಲ್ಲ. ಹಿಂದಿ ಮತ್ತು ಕನ್ನಡ ಹೆಚ್ಚುಕಮ್ಮಿ ಪೂರ್ತಿ ಆಗಿತ್ತು. ಅಂದರೆ ಎಲ್ಲ ವಿಷಯಕ್ಕೂ ಸಮ ಸಮ ವಿಶೇಷ ತರಗತಿ ಕೊಡುವುದು ಸುಮ್ನೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಒಂದೇ ಹಾಳೆ ತೆಗೆದುಕೊಂಡು ಹೋದೆ. ಮೇಲೆ ಅಂಕಿ, ಕೆಳಗೆ ಒಂದೇ ಬೇಡಿಕೆ: ಹೋದ ದಿನಕ್ಕೆ ದಿನ ಬೇಡ, ಹೋದ ಪೀರಿಯಡ್‌ಗೆ ಅದೇ ವಿಷಯದ ಪೀರಿಯಡ್ ಕೊಡಿ. ಜೊತೆಗೆ ಒಂದು ಸಾಲು ಕಾನೂನು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ದಿನ ಎಂದಷ್ಟೇ ಇಲ್ಲ, 1000 ಬೋಧನಾ ಗಂಟೆ ಎಂದೂ ಇದೆ. ಹತ್ತನೇ ತರಗತಿ ಅದರೊಳಗೆ ಬರುವುದಿಲ್ಲ, ಹಾಳೆಯಲ್ಲಿ ಅದನ್ನೂ ಬರೆದಿದ್ದೆ. ಆದರೆ ಏಳನೇ ತರಗತಿಗೆ ಗಂಟೆ ಲೆಕ್ಕ ಬೇಕಾದರೆ ಹತ್ತಕ್ಕೆ ಬೇಡವಾ? ಆ ದಿನ ಇಲಾಖೆಯವರೊಬ್ಬರು ಬಂದಿದ್ದರು. ಹಾಳೆ ಓದಿ, ರಿಜಿಸ್ಟರ್ ತರಿಸಿ, ಸಹಿಗಳನ್ನು ತಿರುವಿ ನೋಡಿದರು. "ಇದನ್ನು ಯಾರು ಹೇಳಿಕೊಟ್ಟದ್ದು?" ಎಂದರು. ಯಾರೂ ಇಲ್ಲ ಎಂದೆ. ಮುಂದಿನ ವಾರದಿಂದ ಬೆಳಗ್ಗಿನ ವಿಶೇಷ ತರಗತಿ ಐದರಲ್ಲಿ ಮೂರು ಗಣಿತ, ಎರಡು ವಿಜ್ಞಾನ. ಶನಿವಾರಕ್ಕೂ ವೇಳಾಪಟ್ಟಿ ಬಂತು. ಜನವರಿ ಕೊನೆಗೆ ಗಣಿತದ ಬಾಕಿ ನಾಲ್ಕೈದಕ್ಕೆ ಇಳಿಯಿತು. ಇದು ನಮ್ಮ ಕೆಲಸ ಎಂದು ಎದೆ ತಟ್ಟಿ ಹೇಳುತ್ತೇನೆ.

ದುಡ್ಡಿನ ವಿಷಯ. ರಿಜಿಸ್ಟರ್, ಜೆರಾಕ್ಸ್, ಡಿಟಿಪಿ, ಬೇರೆ ಶಾಲೆಗಳಿಗೆ ಓಡಾಟ ಸೇರಿ ವರ್ಷಕ್ಕೆ ಎರಡೂವರೆ ಸಾವಿರ ಆಗಿರಬಹುದು. ಅರ್ಧಕ್ಕಿಂತ ಜಾಸ್ತಿ ಬಸ್ಸಿಗೆ. ಹುಡುಗಿಯರಿಗೆ ಶಕ್ತಿ ಯೋಜನೆ ಇದೆಯಲ್ಲ ಎಂದು ಘಟ್ಟದ ಮೇಲಿನವರು ಕೇಳುತ್ತಾರೆ. ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್. ಜಿಲ್ಲಾ ಕಚೇರಿಗಳಿರುವ ಮಣಿಪಾಲದ ರಜತಾದ್ರಿಗೆ ಹೋಗಿಬರಲು ಟಿಕೆಟ್ ತೆಗೆಯಲೇಬೇಕು, ನಿರ್ವಾಹಕರು ಕನ್ಸೆಷನ್ ಪಾಸ್ ರಜಾದಿನ ನೋಡುವುದಿಲ್ಲ. ದುಡ್ಡು ಬಂದದ್ದು ಹಳೆ ಪೇಪರ್ ಮಾರಿ. ಮನೆಮನೆಯಿಂದ ತಂದು ಎರಡು ಸಲ ಗುಜರಿಗೆ ಹಾಕಿದೆವು. ಒಂದು ಪಕ್ಷದವರು ಐದು ಸಾವಿರ ಕೊಡಲು ಬಂದರು. ಬೇಡ ಎಂದೆ. ತೆಗೆದುಕೊಂಡಿದ್ದರೆ ಪುಸ್ತಕ ಅವತ್ತೇ ಸಾಯುತ್ತಿತ್ತು.

ಪುಸ್ತಕದ ಜೊತೆ ಬೇರೆ ಪ್ರಯೋಗಗಳೂ ನಡೆದವು. ಅಕ್ಟೋಬರ್‌ನಲ್ಲಿ ಪಾಸ್ ಅಂಕ ಶೇ. 35ರಿಂದ 33ಕ್ಕೆ ಇಳಿಯಿತಲ್ಲ, ಒಟ್ಟು 625ಕ್ಕೆ 206, ಪ್ರತಿ ವಿಷಯಕ್ಕೆ ಕನಿಷ್ಠ ಶೇ. 30. ನಮ್ಮ ಅಭಿಪ್ರಾಯ ಯಾರೂ ಕೇಳದಿದ್ದರೂ ನಾವೇ ಕೇಳಿಕೊಂಡೆವು. ಮೂರು ಶಾಲೆಗಳಲ್ಲಿ ಡಬ್ಬ ಇಟ್ಟು, ಹೆಸರಿಲ್ಲದ ಚೀಟಿ. ನೂರೆಂಬತ್ತರಷ್ಟು ಬಿದ್ದವು. 33 ಒಳ್ಳೆಯದು ಎಂದವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಕೆಳಗೆ "ಇದರ ಬದಲು ಏನು ಬೇಕು?" ಎಂಬ ಪ್ರಶ್ನೆಗೆ ಗಣಿತದ ಕ್ಲಾಸ್, ಗಣಿತದ ಟೀಚರ್, ನಿಧಾನವಾಗಿ ಹೇಳಿಕೊಡುವವರು ಎಂದೇ ಬಂದಿತ್ತು. ಖುಷಿಪಟ್ಟವರೂ ಅದನ್ನೇ ಬರೆದಿದ್ದರು. 2024ರಲ್ಲಿ ವೆಬ್‌ಕಾಸ್ಟಿಂಗ್ (ಪರೀಕ್ಷಾ ಕೊಠಡಿಯನ್ನು ಕ್ಯಾಮೆರಾದಲ್ಲಿ ನೇರ ನೋಡುವುದು) ಬಂದು ಫಲಿತಾಂಶ ಬಿದ್ದಾಗ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರು. ಈಗ ಪಾಸ್ ಅಂಕ. ನನ್ನ ಅಭಿಪ್ರಾಯ ಕೇಳಿದರೆ, ಪರೀಕ್ಷೆಯಲ್ಲಿ ಕ್ಯಾಮೆರಾ ಇರಲಿ, ಕಾಪಿ ನಿಲ್ಲುವುದು ಒಳ್ಳೆಯದೇ. ಆದರೆ ಕ್ಯಾಮೆರಾ ಇಟ್ಟ ಇಲಾಖೆ ಪಾಠವನ್ನೂ ಕೊಡಬೇಕು.

ಇನ್ನೊಂದು ಪ್ರಯೋಗ ಶಬ್ದದ್ದು. ಫೆಬ್ರವರಿ, ಮಾರ್ಚ್ ಬಂದರೆ ನಮ್ಮಲ್ಲಿ ಭೂತಕೋಲ, ಜಾತ್ರೆ, ಯಕ್ಷಗಾನ ಮೇಳದ ಆಟ. ಓದುವ ಹೊತ್ತಿಗೇ ಧ್ವನಿವರ್ಧಕ. ಎರಡು ಜಾತ್ರೆ ಸಮಿತಿಗಳಿಗೆ ಹೋಗಿ, ಶಾಲೆಯ ದಿಕ್ಕಿನ ಹಾರ್ನ್ ಒಂದನ್ನು ತಿರುಗಿಸಿ ಎಂದಷ್ಟೇ ಕೇಳಿದೆವು. ಒಬ್ಬರು ತಿರುಗಿಸಿದರು. ಇನ್ನೊಂದು ಕಡೆ ಚಹಾ ಕೊಟ್ಟು ಕಳುಹಿಸಿದರು.

ಈಗ ನಾನು ಪಿಯುಸಿಗೆ. ಬಾಕಿ ಇರುವುದು ಪರೀಕ್ಷೆ 2ರ, ಅಂದರೆ ಫೇಲ್ ಆದವರು ಮತ್ತೆ ಬರೆಯುವ ಪರೀಕ್ಷೆಯ ವಿಷಯ. 2025ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ 2 ಶುರುವಾದದ್ದು ಮೇ 26ಕ್ಕೆ. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ತಲುಪಿತ್ತು, ಕರಾವಳಿಗೆ ರೆಡ್ ಅಲರ್ಟ್ ಇತ್ತು. ಫೇಲ್ ಆದ ಮಕ್ಕಳು ಆ ಮಳೆಯಲ್ಲಿ ಊರಿಂದ ದೂರದ ಕೇಂದ್ರಕ್ಕೆ ಹೋಗಬೇಕು, ಶಾಲೆಗೆ ರಜೆ ಇರುವಾಗ ಒಳದಾರಿಯಲ್ಲಿ ಬಸ್ಸೂ ಕಡಿಮೆ. ಮಂಡಳಿ ಮುಖ್ಯ ಪರೀಕ್ಷೆಗೆ ತಾತ್ಕಾಲಿಕ ವೇಳಾಪಟ್ಟಿ ಹಾಕಿ ಆಕ್ಷೇಪಣೆ ಕೇಳುತ್ತದೆ. ಹೆಚ್ಚಿನವರು ಕೊಡುವುದೇ ಇಲ್ಲ. ಈ ಸಲ ಹೆಬ್ರಿ, ಬೈಂದೂರು ಕಡೆಯ ನಾಯಕರ ಜೊತೆ ಸೇರಿ ಅದಕ್ಕೆ ಬೇರೆ ಪುಸ್ತಕ ಮಾಡುತ್ತಿದ್ದೇವೆ. ಮನೆ ಬಿಟ್ಟದ್ದು ಎಷ್ಟು ಗಂಟೆಗೆ, ಬಸ್ ಎಷ್ಟು ಹೊತ್ತಿಗೆ ಬಂತು, ಕೇಂದ್ರ ಎಷ್ಟು ದೂರ, ತಲುಪಿದಾಗ ಬಟ್ಟೆ ಒದ್ದೆಯಾ. ನಾಲ್ಕೇ ಕಾಲಂ. ಸೇರುವ ಶಾಲೆಯವರು ರಿಜಿಸ್ಟರ್ ನೀವೇ ತನ್ನಿ, ಗೆರೆ ಹಾಕುವುದು ನಾನು ಹೇಳಿಕೊಡುತ್ತೇನೆ.