ಗೇಲಿಕ್ ಫುಟ್‌ಬಾಲ್‌ನಲ್ಲಿ ನಾನು ಡಿಫೆನ್ಸ್ ಕಲಿತದ್ದು ಹೀಗೆ

ಊರಲ್ಲಿ ನಾನು ಕಬಡ್ಡಿ ಆಡುತ್ತಿದ್ದೆ. ಎಡ ಕಾರ್ನರ್ ನನ್ನ ಜಾಗ. ರೈಡರ್ ಕಾಲು ಚಾಚಿದ ಕೂಡಲೇ ಹಿಮ್ಮಡಿಗೆ ಕೈ ಹಾಕಿ ಬಿಗಿಯಾಗಿ ಹಿಡಿಯುವುದೇ ನನ್ನ ಕೆಲಸ. ಮುಂದೆ ನೌಕರಿಗೆ ಐರ್ಲೆಂಡ್‌ನ ಡಬ್ಲಿನ್‌ಗೆ ಬಂದೆ. ಮನೆ ಹತ್ತಿರದ ಕ್ಲಬ್‌ನಲ್ಲಿ ಐರ್ಲೆಂಡ್‌ನವರ ಸ್ವಂತ ಆಟವಾದ ಗೇಲಿಕ್ ಫುಟ್‌ಬಾಲ್ ಆಡಲು ಸೇರಿಕೊಂಡೆ. ಅಲ್ಲಿ ಸಿಕ್ಕಿದ್ದೂ ಗೋಲಿನ ಹತ್ತಿರ ಮೂಲೆ ಕಾಯುವ ಕಾರ್ನರ್ ಬ್ಯಾಕ್ ಜಾಗ. ಗೊತ್ತಿರುವ ಕೆಲಸವೇ ಅಲ್ವಾ ಅಂದುಕೊಂಡೆ.

ಮೊದಲ ಲೀಗ್ ಪಂದ್ಯದಲ್ಲೇ, ಗೋಲಿನ ಎದುರು, ನನ್ನನ್ನು ದಾಟಿ ಹೋಗುತ್ತಿದ್ದವನ ಜೆರ್ಸಿ ಹಿಡಿದೆಳೆದೆ. ಪೆನಾಲ್ಟಿ ಆಯಿತು, ಗೋಲ್ ಹೋಯಿತು. ಇಲ್ಲಿ ಗೋಲ್ ಅಂದರೆ 3 ಪಾಯಿಂಟ್. ಆ ಪಂದ್ಯ ನಾವು ಸೋತದ್ದು 2 ಪಾಯಿಂಟ್‌ನಿಂದ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಟ ನೋಡಿರದವರಿಗೆ ಒಂದೆರಡು ಮಾತು ಹೇಳುತ್ತೇನೆ. ಕಡೆಗೆ 15 ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ನಾಲ್ಕು ಹೆಜ್ಜೆ ಮಾತ್ರ. ಆಮೇಲೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ್ಬೆರಳಿಗೆ ಬಿಟ್ಟು ಮತ್ತೆ ಕೈಗೆ ಒದ್ದುಕೊಳ್ಳಬೇಕು. ಇದಕ್ಕೆ ಸೋಲೋ ಅನ್ನುತ್ತಾರೆ. ಗೋಲ್ ಕಂಬಗಳ ನಡುವಿನ ಅಡ್ಡಪಟ್ಟಿಯ ಕೆಳಗೆ ಹೊಡೆದರೆ ಗೋಲ್, ಮೇಲಿಂದ ಹೊಡೆದರೆ 1 ಪಾಯಿಂಟ್. ಡಿಫೆಂಡರ್ ಭುಜಕ್ಕೆ ಭುಜ ಕೊಡಬಹುದು, ಬಿಚ್ಚಿದ ಅಂಗೈಯಿಂದ ಚೆಂಡಿಗೆ ಹೊಡೆಯಬಹುದು. ಮೈ ಹಿಡಿಯುವ ಹಾಗಿಲ್ಲ. ನನ್ನ ಕೈಗೆ ಗೊತ್ತಿದ್ದದ್ದು ಹಿಡಿಯುವುದು ಒಂದೇ.

ನಮ್ಮ ಕೋಚ್ ನನ್ನ ಎರಡೂ ಕೈಗೆ ಟೆನ್ನಿಸ್ ಬಾಲ್ ಕೊಟ್ಟು ಪ್ರಾಕ್ಟೀಸ್ ಮಾಡಿಸಿದರು. ಕೈ ತುಂಬಿದ್ದರೆ ಹಿಡಿಯಲು ಆಗುವುದಿಲ್ಲ. ಕಾಲಿನಿಂದಲೇ ತಡೆಯಬೇಕು. ಒಂದು ತಿಂಗಳು ಇದೇ ನಡೆಯಿತು. ನಿಧಾನವಾಗಿ ಮೂರು ವಿಷಯ ಮೈಗೆ ಹತ್ತಿದವು. ಎದುರಾಳಿಗೂ ಗೋಲಿಗೂ ನಡುವೆ ನಾನಿರಬೇಕು. ಅವನನ್ನು ಪಕ್ಕದ ಗೆರೆಯ ಕಡೆಗೆ, ಅವನಿಗೆ ಅಷ್ಟು ಬಾರದ ಕಾಲಿನ ಕಡೆಗೆ ತಳ್ಳುತ್ತಾ ಹೋಗಬೇಕು. ಚೆಂಡು ಅವನ ಎದೆಗೆ ಒತ್ತಿಕೊಂಡಿರುವಾಗ ಕೈ ಹಾಕಬಾರದು. ಪುಟಿಸುವಾಗ ಅಥವಾ ಸೋಲೋ ಮಾಡುವಾಗ ಚೆಂಡು ಅರೆಕ್ಷಣ ಯಾರ ಕೈಯಲ್ಲೂ ಇರುವುದಿಲ್ಲ. ಆಗ ಹತ್ತಿರದ ಕೈಯಿಂದ ಒಂದೇ ಏಟು. ಅಲ್ಲಿಯವರೆಗೆ ಕಾಯಬೇಕು. ರೈಡರ್ ಯಾವಾಗ ಕಾಲು ಚಾಚುತ್ತಾನೆ ಎಂದು ಕಾಯುವುದು ನನಗೆ ಬರುತ್ತಿತ್ತು. ಕಬಡ್ಡಿಯಿಂದ ಇಲ್ಲಿಗೆ ಬಂದದ್ದು ಆ ಕಾಯುವಿಕೆ ಒಂದೇ, ಆದರೆ ಅದೇ ನನ್ನನ್ನು ಉಳಿಸಿತು.

ಇದು ಒಬ್ಬನ ಕೆಲಸ. ತಂಡದ ಡಿಫೆನ್ಸ್ ಬೇರೆಯೇ ಕಥೆ. ನಾನು ಸೇರಿದಾಗ ನಮ್ಮದು ಬ್ಲ್ಯಾಂಕೆಟ್ ಡಿಫೆನ್ಸ್. ಚೆಂಡು ಕಳೆದುಕೊಂಡ ತಕ್ಷಣ ಹದಿಮೂರು ಹದಿನಾಲ್ಕು ಜನ ಹಿಂದಕ್ಕೆ ಓಡಿಬಂದು ಗೋಲಿನ ಮುಂದೆ ಗೋಡೆ ಕಟ್ಟುತ್ತಿದ್ದೆವು. ಐರ್ಲೆಂಡ್‌ನಲ್ಲಿ ಇದರ ಬಗ್ಗೆ ಜಗಳ ಹಳೆಯದು. ಕೌಂಟಿ (ಜಿಲ್ಲೆ) ತಂಡಗಳು ಆಡುವ ದೊಡ್ಡ ಪಂದ್ಯಾವಳಿ ಆಲ್ ಐರ್ಲೆಂಡ್. 2011ರ ಅದರ ಸೆಮಿಫೈನಲ್‌ನಲ್ಲಿ ಡೊನೆಗಾಲ್ ಕೌಂಟಿ ಬಹುತೇಕ ಇಡೀ ತಂಡವನ್ನೇ ಹಿಂದೆ ನಿಲ್ಲಿಸಿತ್ತು. ಡಬ್ಲಿನ್ 8, ಡೊನೆಗಾಲ್ 6 ಪಾಯಿಂಟ್‌ಗೆ ಆಟ ಮುಗಿಯಿತು. ನೋಡಿದವರು ಬೈದರು. ಮುಂದಿನ ವರ್ಷ ಮ್ಯಾನೇಜರ್ ಜಿಮ್ ಮೆಕ್‌ಗಿನೆಸ್ ಅದೇ ಡೊನೆಗಾಲ್‌ಗೆ ಕಪ್ ಗೆಲ್ಲಿಸಿದರು. 2014ರ ಸೆಮಿಫೈನಲ್‌ನಲ್ಲಿ ಹಿಂದೆ ಕಾದು ಒಮ್ಮೆಲೇ ಮುನ್ನುಗ್ಗಿ ಡೊನೆಗಾಲ್‌ನವರು ಡಬ್ಲಿನ್ ವಿರುದ್ಧ ಮೂರು ಗೋಲ್ ಹೊಡೆದರು. ಆಗ ಡಬ್ಲಿನ್ ಮ್ಯಾನೇಜರ್ ಆಗಿದ್ದ ಜಿಮ್ ಗ್ಯಾವಿನ್ ಅವರೇ ಮುಂದೆ ನಿಯಮ ಬದಲಿಸುವ ಸಮಿತಿಯ ಅಧ್ಯಕ್ಷರಾದರು.

2025ರಲ್ಲಿ ಬಂದ ಆ ನಿಯಮಗಳು ನಮ್ಮಂಥ ಸಣ್ಣ ತಂಡದ ಬದುಕನ್ನೂ ಬದಲಿಸಿದವು. ಮೂವರು ಯಾವಾಗಲೂ ಎದುರಾಳಿಯ ಅರ್ಧದಲ್ಲಿ ಇರಲೇಬೇಕು. ಗೋಲಿ (ಗೋಲ್‌ಕೀಪರ್) ಸೇರಿ ನಾಲ್ವರು ತಮ್ಮ ಅರ್ಧದಲ್ಲಿ. ಲೆಕ್ಕ ಹಾಕಿ ನೋಡಿ. ದಾಳಿಗೆ ಬರುವವರು 11, ಗೋಲಿ ಬಿಟ್ಟು ತಡೆಯುವವರೂ 11. ಸುಮ್ನೆ ಮಧ್ಯೆ ನಿಂತು ಎಲ್ಲರಿಗೂ ಸಹಾಯ ಮಾಡುತ್ತಿದ್ದ ಹೆಚ್ಚುವರಿ ಆಟಗಾರ ಈಗ ಪುಕ್ಕಟೆ ಸಿಗುವುದಿಲ್ಲ. ಅವನನ್ನು ಇಟ್ಟುಕೊಂಡರೆ ಎಲ್ಲೋ ಒಬ್ಬ ಎದುರಾಳಿಯನ್ನು ಬಿಟ್ಟಂತೆ. ಜೊತೆಗೆ ಗೋಲಿನಿಂದ 40 ಮೀಟರ್ ದೂರದಲ್ಲಿ ನೆಲದ ಮೇಲೆ ಎಳೆದ ಕಮಾನಿನ ಹೊರಗಿಂದ ಅಡ್ಡಪಟ್ಟಿಯ ಮೇಲೆ ಹೊಡೆದರೆ 2 ಪಾಯಿಂಟ್. ದೂರದಲ್ಲಿ ಫೌಲ್ ಮಾಡಿ ಆಟ ನಿಲ್ಲಿಸಿ ಗೋಡೆ ಕಟ್ಟಿಕೊಳ್ಳುವ ಹಳೆಯ ಉಪಾಯವೂ ಹೋಯಿತು. ಫೌಲ್ ಆದವನು ಕಾಯದೆ ತಾನೇ ಓಡಲು ಶುರು ಮಾಡಬಹುದು, 4 ಮೀಟರ್‌ವರೆಗೆ ಅವನ ತಂಟೆಗೆ ಹೋಗುವಂತಿಲ್ಲ.

ಮೊದಲ ಎರಡು ತಿಂಗಳು ನಮಗೆ ಹಳೆಯ ಅಭ್ಯಾಸ ಬಿಡಲಾಗಲಿಲ್ಲ. ಎಲ್ಲರೂ ಗೋಲಿನ ಹತ್ತಿರಕ್ಕೇ ಜಾರುತ್ತಿದ್ದೆವು. ಎದುರಾಳಿಗಳು ಆರಾಮಾಗಿ ಕಮಾನಿನ ಹೊರಗೆ ಚೆಂಡು ತಿರುಗಿಸಿ ಹೊಡೆಯುತ್ತಿದ್ದರು. ಗಾಳಿ ಜಾಸ್ತಿ ಇದ್ದ ಒಂದು ದಿನ, ಗಾಳಿ ಅವರ ಬೆನ್ನಿಗಿದ್ದ ಅರ್ಧದಲ್ಲಿ, ಐದು ಸಲ ಹಾಗೆ ಹೊಡೆದರು. ಹತ್ತು ಪಾಯಿಂಟ್! ಗೋಲಿನ ಮುಂದೆ ನಾವು ಒಂದು ಚೂರೂ ಜಾಗ ಬಿಟ್ಟಿರಲಿಲ್ಲ. ಏನು ಪ್ರಯೋಜನ?

ಆಮೇಲೆ ಕೋಚ್ ಜೊತೆ ಕೂತು ಒಂದು ಕ್ರಮ ಮಾಡಿಕೊಂಡೆವು. ಗಾಳಿ ನಮಗೆ ಎದುರಾಗಿದ್ದರೆ ಕಮಾನಿನ ಗೆರೆಯವರೆಗೂ ಮುಂದೆ ಹೋಗಿ ಒಬ್ಬೊಬ್ಬರನ್ನು ಒಬ್ಬೊಬ್ಬರು ಕಾದು ಆಡುವುದು. ಗಾಳಿ ನಮ್ಮ ಕಡೆ ಇದ್ದರೆ ಸ್ವಲ್ಪ ಹಿಂದೆ ಸರಿದು ಗೋಲಿನ ದಾರಿ ಮುಚ್ಚುವುದು. ಅಷ್ಟು ದೂರದಿಂದ ಹೊಡೆಯಬಲ್ಲವರು ತಂಡದಲ್ಲಿ ಹೆಚ್ಚೆಂದರೆ ಇಬ್ಬರು ಮೂವರು ಇರುತ್ತಾರೆ. ಅವರ ಹೊಡೆಯುವ ಕಾಲಿನ ಪಕ್ಕಕ್ಕೇ ಅಂಟಿಕೊಳ್ಳುವುದು, ಉಳಿದವರಿಗೆ ದೂರದಿಂದ ಹೊಡೆಯಲು ಬಿಡುವುದು.

ಆ ವರ್ಷದ ಜುಲೈಯಲ್ಲಿ ಆಲ್ ಐರ್ಲೆಂಡ್ ಫೈನಲ್ ಅನ್ನು ಕ್ಲಬ್‌ನ ಟಿವಿಯಲ್ಲಿ ನೋಡಿದೆ. ಡೊನೆಗಾಲ್ ತಮ್ಮ ವಲಯ ಕಾಯುತ್ತಾ ನಿಂತರು. ಎದುರಾಳಿ ಕೆರ್ರಿ ತಂಡದ ಡೇವಿಡ್ ಕ್ಲಿಫರ್ಡ್ ಕಮಾನಿನ ಹೊರಗಿಂದ ಹೊಡೆದು ಸಲಕ್ಕೆ 2 ಪಾಯಿಂಟ್ ತೆಗೆದರು. ಕೆರ್ರಿ 10 ಪಾಯಿಂಟ್ ಅಂತರದಲ್ಲಿ ಗೆದ್ದಿತು. ಅಷ್ಟು ದೊಡ್ಡ ತಂಡಕ್ಕೂ ನಮ್ಮದೇ ತೊಂದರೆ. ಜಾಗ ಕಾಯುವುದೋ, ಆಳನ್ನು ಕಾಯುವುದೋ? ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಹೊಡೆಯಬಲ್ಲವನ ಮೇಲೆ ಆಳು ಇರಲೇಬೇಕು.

ಈಗ ನನಗೆ ವಯಸ್ಸಾಗುತ್ತಿದೆ, ಓಟ ಕಡಿಮೆಯಾಗಿದೆ. ಗೋಲಿನ ನೇರ ಮುಂದೆ, ಫುಲ್ ಬ್ಯಾಕ್ ಆಡುತ್ತೇನೆ. ಅಲ್ಲಿ ಗಂಟಲಿಗೂ ಕಾಲಿನಷ್ಟೇ ಕೆಲಸ. ಯಾರ ಬೆನ್ನ ಹಿಂದೆ ಯಾರು ಓಡುತ್ತಿದ್ದಾರೆ ಎಂದು ಹೆಸರು ಹಿಡಿದು ಕೂಗುತ್ತಲೇ ಇರಬೇಕು. ನಮಗೆ ಇನ್ನೂ ಸರಿಹೋಗದಿರುವುದು ನಮ್ಮ ಗೋಲಿಯ ಕಿಕ್‌ಔಟ್, ಅಂದರೆ ಆಟ ಮತ್ತೆ ಶುರು ಮಾಡಲು ಅವನು ಒದೆಯುವ ಚೆಂಡು. ಅದು ಕಮಾನು ದಾಟಲೇಬೇಕು. ಹಾಗಾಗಿ ಮಧ್ಯದಲ್ಲಿ ಗುಂಪಾಗಿ ಹಾರುತ್ತಾರೆ, ಚೆಂಡು ಕೆಳಗೆ ಬಿದ್ದರೆ ಎದುರಾಳಿ ನೇರ ನಮ್ಮ ಮೇಲೆ ನುಗ್ಗುತ್ತಾನೆ. ಮಂಗಳವಾರದ ಪ್ರಾಕ್ಟೀಸ್‌ನಲ್ಲಿ ಈಗ ಅದನ್ನೇ ಮಾಡುತ್ತಿದ್ದೇವೆ: ಚೆಂಡು ಗಾಳಿಯಲ್ಲಿ ಇರುವಾಗಲೇ ಇಬ್ಬರು ಅದನ್ನು ನೋಡದೆ ಹಿಂದಕ್ಕೆ ಓಡುವುದು.